ಟ್ರ್ಯಾಕ್‌ಬಾಲ್ ಕೊಳ್ಳೋ ಮೊದಲು ನಿಮ್ಮ ಕೈ ನೋಡ್ಕೊಳ್ಳಿ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ರೂಮಿನ ಮೂವರಲ್ಲಿ ಒಬ್ಬನಿಗೆ ಬಲಗೈ ಮಣಿಕಟ್ಟು ನೋಯೋಕೆ ಶುರುವಾಯ್ತು. ಅವನು ಮೆಕ್ಯಾನಿಕಲ್. ಹಗಲು ಕ್ಯಾಡ್ ಲ್ಯಾಬ್, ರಾತ್ರಿ ರೂಮಿನಲ್ಲಿ ಅದೇ ಡ್ರಾಯಿಂಗ್ ಪ್ರಾಕ್ಟೀಸ್. ಹಾಸ್ಟೆಲ್ ಟೇಬಲ್ ಮೇಲೆ ಲ್ಯಾಪ್‌ಟಾಪ್, ನೋಟ್ಸ್, ನೀರಿನ ಬಾಟ್ಲಿ ಇಟ್ಟ ಮೇಲೆ ಮೌಸ್‌ಗೆ ಉಳಿಯೋದು ಒಂದು ಅಂಗೈ ಅಗಲದ ಜಾಗ. ಅಷ್ಟರಲ್ಲೇ ಮಣಿಕಟ್ಟನ್ನು ಎಡಕ್ಕೆ ಬಲಕ್ಕೆ ಕೊಂಕಿಸುತ್ತಾ ಗಂಟೆಗಟ್ಟಲೆ ಕೂರ್ತಿದ್ದ. ಡಾಕ್ಟರ್ ನೋಡಿ, ಕೈಗೆ ರೆಸ್ಟ್ ಕೊಡಿ, ಈ ಕೊಂಕಿಸೋದು ಕಡಿಮೆ ಮಾಡಿ ಅಂದ್ರು. ಲ್ಯಾಬ್ ಎಕ್ಸಾಮ್‌ಗೆ ಆರು ವಾರ ಇತ್ತು. ರೆಸ್ಟ್ ಕೊಟ್ಟರೆ ಪ್ರಾಕ್ಟೀಸ್ ಹೇಗೆ?

ದಾರಿ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಟ್ರ್ಯಾಕ್‌ಬಾಲ್. ಅದನ್ನು ಆರಿಸುವಾಗ ಮೊದಲ ಸಲ ನಾವು ಎಡವಿದೆವು, ಎರಡನೇ ಸಲ ಸರಿ ಹೋಯ್ತು. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಬರೀತಿದ್ದೀವಿ. ಗಂಟೆಗಟ್ಟಲೆ ಕ್ಯಾಡ್, ಕೋಡಿಂಗ್, ಎಡಿಟಿಂಗ್ ಮಾಡೋರಿಗೆ ಉಪಯೋಗಕ್ಕೆ ಬರಬಹುದು.

ಇದು ಕೆಲಸ ಮಾಡೋದು ಹೇಗೆ?

ಹಳೇ ಕಾಲದ ಮೌಸ್‌ನ ಹೊಟ್ಟೆಯೊಳಗೆ ಒಂದು ರಬ್ಬರ್ ಗುಂಡು ಇರ್ತಿತ್ತಲ್ಲ? ಆ ಮೌಸನ್ನು ಅಂಗಾತ ಮಲಗಿಸಿ, ಗುಂಡನ್ನು ನೇರವಾಗಿ ಬೆರಳಿನಿಂದ ಉರುಳಿಸಿದರೆ ಹೇಗಿರುತ್ತೋ ಅದೇ ಟ್ರ್ಯಾಕ್‌ಬಾಲ್. ಮೌಸ್ ಕೂತಲ್ಲೇ ಕೂತಿರುತ್ತೆ, ಗುಂಡು ಮಾತ್ರ ತಿರುಗುತ್ತೆ, ಪರದೆ ಮೇಲೆ ಕರ್ಸರ್ ಓಡುತ್ತೆ. ಕೈ ಸರಿಸೋಕೆ ಜಾಗ ಬೇಕಿಲ್ಲ. ಹಾಸ್ಟೆಲ್ ಟೇಬಲ್‌ಗೆ ಇದಕ್ಕಿಂತ ಒಳ್ಳೇ ಸುದ್ದಿ ಬೇರೆ ಇಲ್ಲ.

ಗುಂಡು ಸಾಮಾನ್ಯವಾಗಿ ಮೂರು ಸಣ್ಣ ಮಣಿಗಳ ಮೇಲೆ ಕೂತಿರುತ್ತೆ, ಒಲೆಯ ಮೂರು ಗುಂಡುಕಲ್ಲಿನ ಮೇಲೆ ಪಾತ್ರೆ ಕೂತ ಹಾಗೆ. ಪಕ್ಕದಲ್ಲಿ ಒಂದು ಆಪ್ಟಿಕಲ್ ಸೆನ್ಸರ್ ಇರುತ್ತೆ. ಅದು ಗುಂಡಿನ ಮೇಲ್ಮೈಯಲ್ಲಿರೋ ಚುಕ್ಕೆಗಳನ್ನೋ ಮಿನುಗುಗಳನ್ನೋ ನೋಡುತ್ತಾ, ಯಾವ ಕಡೆಗೆ ಎಷ್ಟು ಸರಿಯಿತು ಅಂತ ಲೆಕ್ಕ ಹಾಕುತ್ತೆ.

ನಮಗೆ ಆಶ್ಚರ್ಯ ಆಗಿದ್ದು ಇದರ ವಯಸ್ಸು ನೋಡಿ. ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ಮೊದಲ ಮೌಸ್ ತಯಾರಾಗಿದ್ದು 1964ರಲ್ಲಿ. ಅದಕ್ಕೂ ಮುಂಚೆ, 1952ರ ಹೊತ್ತಿಗೇ ಕೆನಡಾದ ನೌಕಾಪಡೆಯ ಡಾಟರ್ ಅನ್ನೋ ಯೋಜನೆಯಲ್ಲಿ ಎಂಜಿನಿಯರ್‌ಗಳು ಟ್ರ್ಯಾಕ್‌ಬಾಲ್ ಮಾಡಿದ್ದರು. ಅದಕ್ಕೆ ಬಳಸಿದ್ದು ಅಲ್ಲಿನ ಫೈವ್ ಪಿನ್ ಬೌಲಿಂಗ್ ಆಟದ ಚೆಂಡು! 1980ರಲ್ಲಿ ಬಂದ ಮಿಸೈಲ್ ಕಮಾಂಡ್ ಅನ್ನೋ ಆರ್ಕೇಡ್ ಗೇಮ್ ಆಡುತ್ತಿದ್ದದ್ದೂ ಟ್ರ್ಯಾಕ್‌ಬಾಲ್‌ನಲ್ಲೇ.

ನಾವು ಎಡವಿದ್ದು ಎಲ್ಲಿ?

ಟ್ರ್ಯಾಕ್‌ಬಾಲ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಹೆಬ್ಬೆರಳಿನದು. ನೋಡೋಕೆ ಮಾಮೂಲಿ ಮೌಸ್ ಥರವೇ ಇರುತ್ತೆ, ಎಡ ಪಕ್ಕದಲ್ಲಿ ಗುಂಡು. ಬಟನ್, ಚಕ್ರ ಎಲ್ಲಾ ಹಳೇ ಜಾಗದಲ್ಲೇ ಇರೋದರಿಂದ ಬೇಗ ಕೈಗೆ ಹತ್ತುತ್ತೆ. ಲಾಜಿಟೆಕ್‌ನ ಎರ್ಗೋ ಎಂ575 ಈ ಜಾತಿಯದು. ಇನ್ನೊಂದು ಬೆರಳಿನದು. ಗುಂಡು ನಡುವಿನಲ್ಲಿ ಇರುತ್ತೆ, ತೋರುಬೆರಳು ಮತ್ತು ನಡುಬೆರಳಿನಿಂದ ಉರುಳಿಸಬೇಕು. ಕೆನ್ಸಿಂಗ್ಟನ್‌ನ ಎಕ್ಸ್‌ಪರ್ಟ್ ಮೌಸ್, ಆರ್ಬಿಟ್ ಈ ಜಾತಿಯವು.

ನಮ್ಮ ಸೀನಿಯರ್ ಒಬ್ಬರ ಹತ್ತಿರ ಹೆಬ್ಬೆರಳಿನದು ಒಂದು ಸುಮ್ಮನೆ ಬಿದ್ದಿತ್ತು. ಕೇಳಿದ ಕೂಡಲೇ ಕೊಟ್ಟರು. ಮೂರೇ ದಿನಕ್ಕೆ ನಮ್ಮ ಗೆಳೆಯ ಅದರಲ್ಲಿ ಪಳಗಿಬಿಟ್ಟ, ಮಣಿಕಟ್ಟಿನ ನೋವೂ ಇಳೀತು. ನಾವು ಖುಷಿಯಾಗಿ ಕ್ಯಾಂಟೀನ್‌ನಲ್ಲಿ ಪಾರ್ಟಿ ಕೂಡ ಕೇಳಿದೆವು. ಹತ್ತನೇ ದಿನ ರಾತ್ರಿ ಅವನು ಹೆಬ್ಬೆರಳಿನ ಬುಡ ಒತ್ತಿಕೊಳ್ಳುತ್ತಾ ಕೂತಿದ್ದ. “ಮಗಾ, ನೋವು ಹೋಗಿಲ್ಲ ಕಣೋ. ಮಣಿಕಟ್ಟಿಂದ ಇಲ್ಲಿಗೆ ಶಿಫ್ಟ್ ಆಗಿದೆ” ಅಂದ.

ಯೋಚನೆ ಮಾಡಿದರೆ ಅದು ಸರಿಯಾಗಿಯೇ ಇತ್ತು. ಅವನು ಸಂಜೆ ಪೂರ್ತಿ ಫೋನ್‌ನಲ್ಲಿ ಗೇಮ್ ಆಡ್ತಾನೆ. ಅಲ್ಲಿ ದುಡಿಯೋದು ಹೆಬ್ಬೆರಳು. ಮೆಸೇಜ್ ಟೈಪ್ ಮಾಡೋದೂ ಹೆಬ್ಬೆರಳು. ಈಗ ಕ್ಯಾಡ್ ಕೆಲಸವನ್ನೂ ನಾವೇ ಅದರ ತಲೆಗೆ ಕಟ್ಟಿದ್ದೆವು! ಹೆಬ್ಬೆರಳನ್ನು ಎತ್ತಿ ಹೊರಗೆ ಚಾಚೋ ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದ ಒಂದು ಇಕ್ಕಟ್ಟಾದ ದಾರಿಯಲ್ಲಿ ಹಾದು ಹೋಗುತ್ತವೆ. ಅತಿಯಾದ ಬಳಕೆಯಿಂದ ಅಲ್ಲಿ ಊತ, ನೋವು ಬರಬಹುದು. ಡಾಕ್ಟರ್‌ಗಳು ಇದನ್ನು ಡಿ ಕರ್ವೇನ್ ತೊಂದರೆ ಅಂತಾರೆ. ನಮ್ಮವನಿಗೆ ಅಷ್ಟು ದೂರ ಹೋಗಲಿಲ್ಲ, ಬೇಗ ನಿಲ್ಲಿಸಿದ್ದರಿಂದ ಉಳಕೊಂಡ.

ಇಲ್ಲಿ ನಮಗೆ ಅರ್ಥವಾಗಿದ್ದು ಇಷ್ಟು: ಟ್ರ್ಯಾಕ್‌ಬಾಲ್ ಕೈಯ ಕೆಲಸವನ್ನು ಇಲ್ಲವಾಗಿಸೋದಿಲ್ಲ. ಒಂದು ಭಾಗದಿಂದ ತೆಗೆದು ಇನ್ನೊಂದು ಭಾಗಕ್ಕೆ ಹಾಕುತ್ತೆ. ಹಾಗಾಗಿ ರೇಟಿಂಗ್ ನೋಡೋ ಮೊದಲು ನಿಮ್ಮ ಕೈಯ ಯಾವ ಭಾಗ ಈಗಾಗಲೇ ದಣಿದಿದೆ, ಯಾವುದು ಖಾಲಿ ಕೂತಿದೆ ಅಂತ ನೋಡ್ಕೊಳ್ಳಿ. ಫೋನ್ ಹೆಚ್ಚು ಒತ್ತೋರು ಬೆರಳಿನ ಮಾದರಿ ನೋಡೋದು ಒಳ್ಳೇದು. ಮತ್ತೆ, ಮರಗಟ್ಟೋದು, ಜುಮುಜುಮು, ರಾತ್ರಿ ನೋವು ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಮೌಸ್ ಬದಲಾಯಿಸೋದು ಔಷಧಿ ಅಲ್ಲ.

ಆರಿಸುವಾಗ ಕೇಳ್ಕೋಬೇಕಾದ ಪ್ರಶ್ನೆಗಳು

ಯಾವ ಕೈ? ಹೆಬ್ಬೆರಳಿನ ಮಾದರಿಗಳಲ್ಲಿ ಹೆಚ್ಚಿನವು ಬಲಗೈಯವರಿಗೆ ಮಾತ್ರ. ಎಡಚರು ಎರಡೂ ಪಕ್ಕ ಒಂದೇ ಥರ ಇರೋ ಬೆರಳಿನ ಮಾದರಿ ತಗೊಂಡು, ಸೆಟ್ಟಿಂಗ್ಸ್‌ನಲ್ಲಿ ಎಡ-ಬಲ ಬಟನ್ ಅದಲುಬದಲು ಮಾಡ್ಕೋಬಹುದು. ಒಂದು ಕೈ ದಣಿದರೆ ಇನ್ನೊಂದು ಕೈಗೆ ಕೊಡೋಕೂ ಇದು ಅನುಕೂಲ.

ಗುಂಡು ಎಷ್ಟು ದೊಡ್ಡದು? ಎಂ575ರ ಗುಂಡು 34 ಮಿ.ಮೀ., ಹೆಚ್ಚುಕಡಿಮೆ ಬೆಟ್ಟದ ನೆಲ್ಲಿಕಾಯಿ. ಆರ್ಬಿಟ್‌ನದು 40 ಮಿ.ಮೀ., ಟೇಬಲ್ ಟೆನಿಸ್ ಚೆಂಡಿನಷ್ಟೇ. ಎಕ್ಸ್‌ಪರ್ಟ್ ಮೌಸ್‌ನದು 55 ಮಿ.ಮೀ. ದೊಡ್ಡದಾದರೆ ಏನು ಲಾಭ? ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಡಿಪಿಐ ಅಂದರೆ ಗುಂಡಿನ ಮೇಲ್ಮೈ ಒಂದು ಇಂಚು ಸರಿದಾಗ ಸೆನ್ಸರ್ ಎಷ್ಟು ಎಣಿಕೆ ಕಳಿಸುತ್ತೆ ಅಂತ. ಒಂದು ಎಣಿಕೆಗೆ ಕರ್ಸರ್ ಒಂದು ಪಿಕ್ಸೆಲ್ ಹೋಗುತ್ತೆ ಅಂದುಕೊಳ್ಳಿ. ಪರದೆಯ ಅಗಲ 1920 ಪಿಕ್ಸೆಲ್. 1600 ಡಿಪಿಐನಲ್ಲಿ ಈ ತುದಿಯಿಂದ ಆ ತುದಿಗೆ ಹೋಗೋಕೆ 1.2 ಇಂಚು, ಅಂದರೆ ಸುಮಾರು 30 ಮಿ.ಮೀ. ಉರುಳಿಸಬೇಕು. 800 ಡಿಪಿಐನಲ್ಲಿ ಸುಮಾರು 61 ಮಿ.ಮೀ. ಈ ದೂರ ಗುಂಡು ಸಣ್ಣದಿರಲಿ ದೊಡ್ಡದಿರಲಿ ಒಂದೇ. ಆದರೆ ದೊಡ್ಡ ಗುಂಡಿನಲ್ಲಿ ಬೆರಳಿಗೆ ಸಿಗೋ ಮೇಲ್ಮೈ ಜಾಸ್ತಿ, ಹಾಗಾಗಿ ಒಂದೇ ಎಳೆತದಲ್ಲಿ ಹೆಚ್ಚು ದೂರ ಹೋಗಬಹುದು. ಅಂದರೆ ಡಿಪಿಐ ಕಡಿಮೆ ಇಟ್ಟುಕೊಂಡು ಸಣ್ಣ ಬಿಂದುವಿನ ಮೇಲೆ ಸರಿಯಾಗಿ ನಿಲ್ಲಿಸೋದು ಸುಲಭ. ಕ್ಯಾಡ್‌ನಲ್ಲಿ ಒಂದು ಗೆರೆಯ ತುದಿ ಹಿಡಿಯೋರಿಗೆ ಇದು ಗೊತ್ತಾಗುತ್ತೆ.

ನಡುವಿನ ಬಟನ್ ಇದೆಯಾ? ಇದನ್ನು ನಾವು ಆರ್ಡರ್ ಮಾಡೋ ಕೊನೇ ಗಳಿಗೆಯಲ್ಲಿ ಗಮನಿಸಿದೆವು. ಆಟೋಕ್ಯಾಡ್‌ನಲ್ಲಿ ಪ್ಯಾನ್ ಮಾಡೋಕೆ, ಸಾಲಿಡ್‌ವರ್ಕ್ಸ್‌ನಲ್ಲಿ ಮಾಡೆಲ್ ತಿರುಗಿಸೋಕೆ ನಡುವಿನ ಬಟನ್ ಒತ್ತಿ ಹಿಡೀಬೇಕು. ಸ್ಕ್ರಾಲ್ ರಿಂಗ್ ಇರೋ ಆರ್ಬಿಟ್‌ನಲ್ಲಿ ಇರೋದು ಎರಡೇ ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ನಡುವಿನದು ಅಂತ ಸಾಫ್ಟ್‌ವೇರ್‌ನಲ್ಲಿ ಹೊಂದಿಸಬಹುದು. ಆದರೆ ಲ್ಯಾಬ್ ಕಂಪ್ಯೂಟರ್‌ನಲ್ಲಿ ನಮಗೆ ಏನನ್ನೂ ಇನ್‌ಸ್ಟಾಲ್ ಮಾಡೋ ಹಾಗಿಲ್ಲ. ಆದ್ದರಿಂದ ಸಾಫ್ಟ್‌ವೇರ್ ಇಲ್ಲದೆ, ಸಿಕ್ಕಿಸಿದ ಕೂಡಲೇ ನಡುವಿನ ಬಟನ್ ಕೆಲಸ ಮಾಡೋ ಮಾದರಿಯನ್ನೇ ಹುಡುಕಿದೆವು. ಬ್ರೌಸಿಂಗ್, ಕೋಡಿಂಗ್ ಮಾತ್ರ ಮಾಡೋರಿಗೆ ಎರಡು ಬಟನ್ ಧಾರಾಳ ಸಾಕು.

ವೈರ್ ಇರೋದಾ, ಇಲ್ಲದ್ದಾ? ಟ್ರ್ಯಾಕ್‌ಬಾಲ್ ಕೂತಲ್ಲೇ ಇರೋದರಿಂದ ವೈರ್ ಕಾಲಿಗೆ ಕೈಗೆ ಸಿಗೋದಿಲ್ಲ, ಬ್ಯಾಟರಿ ಚಿಂತೆಯೂ ಇಲ್ಲ. ನಮಗೆ ಇನ್ನೊಂದು ಕಾರಣವಿತ್ತು. ಎಕ್ಸಾಮ್‌ಗೆ ತರಬಹುದಾ ಅಂತ ಲ್ಯಾಬ್ ಸರ್ ಹತ್ತಿರ ಮೊದಲೇ ಕೇಳಿದ್ದೆವು. “ವೈರ್ ಇರೋದಾದ್ರೆ ತಗೊಂಡು ಬನ್ರಪ್ಪ, ಬ್ಲೂಟೂತ್ ಗೀಟೂತ್ ಬೇಡ” ಅಂದಿದ್ದರು.

ಕೊನೆಗೆ ಮೂವರೂ ದುಡ್ಡು ಹಾಕಿ, ಎರಡು ವೀಕೆಂಡ್ ಸಿನಿಮಾ ಬಿಟ್ಟು, ಬೆರಳಿನ ಮಾದರಿ ಒಂದನ್ನು ತರಿಸಿದೆವು. ಎಕ್ಸಾಮ್‌ಗೆ ಆಗ ನಾಲ್ಕು ವಾರವೂ ಇರಲಿಲ್ಲ.

ಪಳಗೋದು ಹೇಗೆ?

ಮೊದಲ ದಿನ ಕರ್ಸರ್ ಕುಡಿದವರ ಹಾಗೆ ಓಡಾಡುತ್ತೆ. ಇಲ್ಲೇ ಬಹಳ ಜನ ಬೇಜಾರಾಗಿ ವಾಪಸ್ ಕಳಿಸಿಬಿಡ್ತಾರೆ. ನಮ್ಮ ಅನುಭವದಲ್ಲಿ ಎರಡು ವಾರ ಕೊಡಬೇಕು.

ಮೊದಲ ಮೂರು ನಾಲ್ಕು ದಿನ ಪಾಯಿಂಟರ್ ವೇಗ ಕಡಿಮೆ ಇಡಿ. ಓದೋದು, ಬ್ರೌಸಿಂಗ್ ಮಾತ್ರ ಮಾಡಿ. ನಾಳೆ ಅಸೈನ್‌ಮೆಂಟ್ ಕೊಡಬೇಕು ಅನ್ನೋ ರಾತ್ರಿ ಖಂಡಿತ ಶುರು ಮಾಡಬೇಡಿ.

ಕೈಯನ್ನು ಗಾಳಿಯಲ್ಲಿ ತೇಲಿಸಬೇಡಿ, ಮುಂಗೈ ಟೇಬಲ್ ಮೇಲೆ ಹಾಯಾಗಿ ಇರಲಿ. ಮಣಿಕಟ್ಟು ಮೇಲಕ್ಕೆ ಮಡಿಚಿಕೊಂಡಿದ್ದರೆ ಕೆಳಗೆ ಮಡಚಿದ ಟವೆಲ್ ಇಟ್ಟು ನೇರ ಮಾಡ್ಕೊಳ್ಳಿ. ದೂರ ಹೋಗೋಕೆ ಗೋಲಿ ಚಿಮ್ಮಿದ ಹಾಗೆ ಗುಂಡನ್ನು ಚಿಮ್ಮಿ, ಬೆರಳಿಟ್ಟು ತಡೆಯಿರಿ. ಹತ್ತಿರದ ಗುರಿಗೆ ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿ. ಇವೆರಡನ್ನು ಬೇರೆ ಬೇರೆ ಚಲನೆ ಅಂತ ಕಲಿತರೆ ಬೇಗ ಬರುತ್ತೆ.

ಎಲ್ಲಕ್ಕಿಂತ ಕಷ್ಟ ಡ್ರ್ಯಾಗ್ ಮಾಡೋದು, ಅಂದರೆ ಬಟನ್ ಒತ್ತಿ ಹಿಡಿದು ಎಳೆಯೋದು. ಮೌಸ್‌ನಲ್ಲಿ ಬೆರಳು ಒತ್ತುತ್ತೆ, ತೋಳು ಎಳೆಯುತ್ತೆ. ಇಲ್ಲಿ ಒತ್ತೋದೂ ಉರುಳಿಸೋದೂ ಒಂದೇ ಕೈಯ ಬೆರಳುಗಳು. 1991ರಲ್ಲಿ ಮೆಕೆಂಝಿ, ಸೆಲ್ಲೆನ್, ಬಕ್ಸ್‌ಟನ್ ಮೌಸ್, ಟ್ಯಾಬ್ಲೆಟ್ ಮತ್ತು ಟ್ರ್ಯಾಕ್‌ಬಾಲ್ ಹೋಲಿಸಿ ನೋಡಿದಾಗಲೂ ಡ್ರ್ಯಾಗ್‌ನಲ್ಲಿ ಹಿಂದೆ ಬಿದ್ದದ್ದು ಟ್ರ್ಯಾಕ್‌ಬಾಲೇ. ಹಾಗಾಗಿ ನಿಮಗೆ ಬರದಿದ್ದರೆ ತಪ್ಪು ನಿಮ್ಮದೊಂದೇ ಅಲ್ಲ. ಉಪಾಯ ಎರಡಿವೆ. ಪಠ್ಯ ಆರಿಸುವಾಗ ಎಳೆಯೋ ಬದಲು ಶುರುವಿನಲ್ಲಿ ಒಮ್ಮೆ ಕ್ಲಿಕ್ ಮಾಡಿ, ಕೊನೆಯಲ್ಲಿ ಶಿಫ್ಟ್ ಒತ್ತಿ ಕ್ಲಿಕ್ ಮಾಡಿ. ಇನ್ನೊಂದು, ವಿಂಡೋಸ್‌ನ ಮೌಸ್ ಸೆಟ್ಟಿಂಗ್ಸ್‌ನಲ್ಲಿ ಕ್ಲಿಕ್‌ಲಾಕ್ ಅನ್ನೋದು ಇದೆ. ಅದನ್ನು ಆನ್ ಮಾಡಿದರೆ ಬಟನ್ ಸ್ವಲ್ಪ ಹೊತ್ತು ಒತ್ತಿ ಬಿಟ್ಟರೂ ಹಿಡಿದೇ ಇದೆ ಅಂತ ಕಂಪ್ಯೂಟರ್ ತಿಳ್ಕೊಳ್ಳುತ್ತೆ, ಇನ್ನೊಮ್ಮೆ ಕ್ಲಿಕ್ ಮಾಡಿದಾಗ ಬಿಡುತ್ತೆ.

ಹಳೇ ಮೌಸನ್ನು ಬಿಸಾಡಬೇಡಿ. ಶೂಟಿಂಗ್ ಗೇಮ್‌ಗೆ ನಾವಿನ್ನೂ ಅದನ್ನೇ ಹಿಡೀತೀವಿ.

ಧೂಳು

ವಾರಕ್ಕೊಮ್ಮೆ ಗುಂಡು ತೆಗೆದು ಒರೆಸಬೇಕು. ಹೆಚ್ಚಿನ ಮಾದರಿಗಳಲ್ಲಿ ಗುಂಡು ಕೈಯಲ್ಲೇ ಎತ್ತೋಕೆ ಬರುತ್ತೆ, ಇಲ್ಲವೇ ತಳದ ತೂತಿನಿಂದ ಪೆನ್ಸಿಲ್‌ನಲ್ಲಿ ತಳ್ಳಿದರೆ ಹೊರಗೆ ಬರುತ್ತೆ. ಒಳಗಿನ ಮೂರು ಮಣಿಗಳ ಮೇಲೆ ಬೂದು ಬಣ್ಣದ ಕೊಳೆ ಕೂತಿರುತ್ತೆ, ಒಣ ಬಟ್ಟೆಯಲ್ಲಿ ತೆಗೀರಿ. ಗುಂಡು ತಡೆದು ತಡೆದು ತಿರುಗಿದರೆ ಕೊಳೆ ಮಣಿಗಳ ಮೇಲಿದೆ ಅಂತ ಅರ್ಥ. ಗುಂಡು ನುಣ್ಣಗೆ ತಿರುಗಿಯೂ ಕರ್ಸರ್ ನಡುಗಿದರೆ ಸೆನ್ಸರ್ ಕಿಂಡಿಯಲ್ಲಿ ಕೂದಲೋ ಧೂಳೋ ಇರಬಹುದು.

ಹೊಸ ಗುಂಡು ಸ್ವಲ್ಪ ಅಂಟಂಟಾಗಿ ತಿರುಗುತ್ತೆ. ನಾಲ್ಕೈದು ದಿನದಲ್ಲಿ ಕೈಯ ಜಿಡ್ಡು ಹತ್ತಿ ಸರಿಯಾಗುತ್ತೆ, ಅವಸರ ಇದ್ದರೆ ಹಣೆಗೊಮ್ಮೆ ಉಜ್ಜಿ. ಬೇಗ ಆಗಲಿ ಅಂತ ನಮ್ಮಲ್ಲೊಬ್ಬ ಕೊಬ್ಬರಿ ಎಣ್ಣೆ ಹಚ್ಚಿದ್ದ. ಎರಡೇ ದಿನದಲ್ಲಿ ಧೂಳೆಲ್ಲಾ ಅಂಟಿ ಗುಂಡು ರವೆ ಉಂಡೆ ಆಗಿತ್ತು. ಯಾರು ಅಂತ ಹೇಳಲ್ಲ.

ಆಮೇಲೆ?

ಎಕ್ಸಾಮ್ ದಿನ ಸರ್ ಆ ಗುಂಡನ್ನು ಎತ್ತಿ, ತಿರುಗಿಸಿ ನೋಡಿ, “ಇದ್ರಲ್ಲಿ ಡ್ರಾಯಿಂಗ್ ಬರುತ್ತೇನಯ್ಯಾ?” ಅಂದ್ರಂತೆ. ಬಂತು. ಮಾಮೂಲಿ ಮೌಸ್‌ನಲ್ಲಿ ಮಾಡೋದಕ್ಕಿಂತ ನಿಧಾನವೇ ಆಯ್ತು, ಕೊನೇ ಶೀಟ್‌ನಲ್ಲಿ ಎರಡು ಡೈಮೆನ್ಷನ್ ಬಿಟ್ಟುಹೋಯ್ತು ಅಂತ ಅವನಿಗೆ ಈಗಲೂ ಬೇಜಾರಿದೆ. ಆದರೆ ಮೂರು ಗಂಟೆ ಕೂತು ಎದ್ದು ಬಂದವನು ಹೊರಗೆ ನಿಂತಿದ್ದ ನಮ್ಮ ಮುಂದೆ ಮಣಿಕಟ್ಟನ್ನು ಸುತ್ತ ತಿರುಗಿಸಿ ತೋರಿಸಿದ. ನೋವಿರಲಿಲ್ಲ.

ಸೀನಿಯರ್ ಕೊಟ್ಟ ಹೆಬ್ಬೆರಳಿನ ಟ್ರ್ಯಾಕ್‌ಬಾಲ್ ವಾಪಸ್ ಕೊಡೋಕೆ ಹೋದಾಗ, “ಇಟ್ಕೊಳ್ರೋ, ಯಾರಿಗಾದ್ರೂ ಆಗುತ್ತೆ” ಅಂದ್ರು. ಅದೀಗ ನಮ್ಮ ಕ್ಲಬ್ ರೂಮಿನ ಕಪಾಟಿನಲ್ಲಿದೆ. ಬೆರಳಿನದು ನಮ್ಮ ರೂಮಲ್ಲಿದೆ. ಸಾವಿರಾರು ರೂಪಾಯಿ ಹಾಕೋ ಮೊದಲು ಎರಡನ್ನೂ ಒಂದೊಂದು ವಾರ ತಗೊಂಡು ಹೋಗಿ ಬಳಸಿ ನೋಡಿ. ಯಾವುದು ಆಗುತ್ತೆ ಅಂತ ನಿಮ್ಮ ಕೈಯೇ ಹೇಳುತ್ತೆ. ವಾಪಸ್ ಕೊಡುವಾಗ ಗುಂಡು ಒರೆಸಿ ಕೊಡಿ, ಅಷ್ಟೇ.