ಫೋನಲ್ಲಿ ಒಂದ್ಸಲ ಹೇಳಿದ್ರೆ ಸರಿಯಾಗಿ ಟೈಪ್ ಆಗುತ್ತಾ? ವೆಬ್‌ಸೈಟ್‌ಗೆ ಹೆಸರಿಡೋ ಮುಂಚೆ



ಹೋದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ಮನೇಲೇ ಚಟ್ನಿಪುಡಿ, ಹುಳಿಪುಡಿ, ಉಪ್ಪಿನಕಾಯಿ ಮಾಡಿ ವಾಟ್ಸಾಪಲ್ಲಿ ಮಾರ್ತಾಳೆ. ಈಗ ಸ್ವಂತ ವೆಬ್‌ಸೈಟ್ ಬೇಕಂತೆ. “ಅಕ್ಕ, ಹೆಸರು ಸಿಕ್ತು! ಊಟದ ಡಬ್ಬಿ. ಡೊಮೇನ್ ಖಾಲಿ ಇದೆ, ತಗೊಂಡುಬಿಡ್ಲಾ?”

“ತಾಳು ಮಾರಾಯ್ತಿ, ಇಂಗ್ಲಿಷಲ್ಲಿ ಹೇಗೆ ಬರೀತೀಯ?” ಅಂದೆ.

“ಡಬಲ್ ಓ, ಟಿ, ಎ...” ಅಂತ ಶುರು ಮಾಡಿದ್ಲು. ನಾನಾಗಿದ್ರೆ ಡಬಲ್ ಓ ಬದಲು ಯು ಹಾಕ್ತಿದ್ದೆ. ‘ದ’ಗೆ ಬರೀ ಡಿ ಸಾಕಾ, ಮುಂದೆ ಎಚ್ ಬೇಕಾ? ಡಬ್ಬಿಯ ‘ಡ’ಗೆ ಎ ಹಾಕೋದಾ, ಯು ಹಾಕೋದಾ? ಮೂರು ಕಡೆ ಎರಡೆರಡು ದಾರಿ. ಒಟ್ಟು 8 ಸ್ಪೆಲ್ಲಿಂಗ್. ಅದರಲ್ಲಿ ಅವಳು ದುಡ್ಡು ಕೊಟ್ಟು ತಗೊಳ್ಳೋದು ಒಂದು. ಉಳಿದ 7ರಲ್ಲಿ ಯಾವುದನ್ನೋ ಟೈಪ್ ಮಾಡಿದ ಗಿರಾಕಿ ಎಲ್ಲಿಗೆ ಹೋಗ್ತಾನೆ?

ಡೊಮೇನ್ ಅಂದ್ರೇನು ಅಂತ ಬೇಗ ಹೇಳಿಬಿಡ್ತೀನಿ. ಇಂಟರ್ನೆಟ್‌ನಲ್ಲಿ ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸೋದು ನಂಬರ್‌ನಿಂದ. ನಿಮ್ಮ ಫೋನಲ್ಲಿ ಅಮ್ಮನ ಹತ್ತಂಕಿ ನಂಬರ್ ‘ಅಮ್ಮ’ ಅಂತ ಸೇವ್ ಆಗಿರುತ್ತಲ್ಲ, ಡೊಮೇನ್ ಹೆಸರೂ ಹಾಗೇನೇ. ವ್ಯತ್ಯಾಸ ಏನಂದ್ರೆ, ಈ ಪಟ್ಟಿ ಇಡೀ ಜಗತ್ತಿಗೆ ಒಂದೇ. ಒಂದೇ ಹೆಸರು ಇಬ್ಬರಿಗೆ ಸಿಗಲ್ಲ.

ಈ ಸ್ಪೆಲ್ಲಿಂಗ್ ತಕರಾರು ಸುಪ್ರೀಂ ಕೋರ್ಟ್ ತನಕ ಹೋಗಿದೆ ಗೊತ್ತಾ? ಅದೂ ನಮ್ಮ ಬೆಂಗಳೂರಿನಿಂದ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರನ್ನೇ ಚುಟುಕು ಮಾಡಿ ‘ಸಿಫಿ’ ಅನ್ನೋ ಪದ ಕಟ್ಟಿಕೊಂಡು, 1999ರಲ್ಲಿ ಆ ಹೆಸರಿನ ಡೊಮೇನ್‌ಗಳನ್ನ ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ಬಂದು ಅದೇ ಪದಕ್ಕೆ ಒಂದು ಎಫ್ ಹೆಚ್ಚಿಗೆ ಸೇರಿಸಿ ‘ಸಿಫ್ಫಿನೆಟ್’ ಅಂತ ತಗೊಂಡಿತು. ಬರೆದರೆ ಬೇರೆ, ಬಾಯಲ್ಲಿ ಹೇಳಿದ್ರೆ ಒಂದೇ! ಬೆಂಗಳೂರಿನ ಸಿವಿಲ್ ಕೋರ್ಟ್ ಸತ್ಯಂ ಪರವಾಗಿ ತಡೆಯಾಜ್ಞೆ ಕೊಟ್ಟಿತು. ಹೈಕೋರ್ಟ್‌ನಲ್ಲಿ ಅದು ಉಲ್ಟಾ ಆಯ್ತು. 2004ರ ಮೇನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸಿವಿಲ್ ಕೋರ್ಟ್ ಆದೇಶವನ್ನೇ ಎತ್ತಿಹಿಡಿಯಿತು. ಡೊಮೇನ್ ಅನ್ನೋದು ಬರೀ ವಿಳಾಸವಲ್ಲ, ವ್ಯಾಪಾರದ ಗುರುತು ಕೂಡ. ಬೇರೆಯವರ ಹೆಸರಿನ ನೆರಳಲ್ಲಿ ವ್ಯಾಪಾರ ಮಾಡೋ ಹಾಗಿಲ್ಲ ಅನ್ನೋದು ತೀರ್ಪಿನ ತಿರುಳು. ಹಾಗಾಗಿ ಡೊಮೇನ್ ಖಾಲಿ ಇದೆ ಅಂದಮಾತ್ರಕ್ಕೆ ಹೆಸರು ನಿಮ್ಮದಾಗಲ್ಲ. ಸರ್ಕಾರದ ಟ್ರೇಡ್‌ಮಾರ್ಕ್ ವೆಬ್‌ಸೈಟಲ್ಲಿ ಆ ಹೆಸರು, ಅದರ ಹಾಗೇ ಕೇಳಿಸೋ ಹೆಸರು ಎರಡನ್ನೂ ಹುಡುಕಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಕನ್ನಡದ ಹೆಸರುಗಳಿಗಂತೂ ಈ ಕಿವಿ ಪರೀಕ್ಷೆ ಬೇಕೇ ಬೇಕು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಹ್ರಸ್ವ-ದೀರ್ಘ ಕಾಣಲ್ಲ, ‘ಲ’ಗೂ ‘ಳ’ಗೂ ಭೇದ ಇರಲ್ಲ. ನನ್ನ ತಂಗಿಯ ಎರಡನೇ ಐಡಿಯಾ ಹುಳಿಪುಡಿ ಅಂತಲೇ ಇಡೋದು. ಇಂಗ್ಲಿಷಲ್ಲಿ ಬರೆದು ನೋಡಿ, ಹುಳಿಯೂ ಹುಲಿಯೂ ಒಂದೇ. ಹುಲಿಪುಡಿ ಮಾರ್ತಾಳೆ ಅಂದ್ರೆ ಅರಣ್ಯ ಇಲಾಖೆಯವರು ಮನೆಗೆ ಬರ್ತಾರೆ ಅಷ್ಟೆ. ‘ಮನೆ’ ಅನ್ನೋ ಪದವೂ ಹೀಗೇ, ಇಂಗ್ಲಿಷ್ ಓದೋರಿಗೆ ಅದು ಕುದುರೆಯ ಜೂಲು.

ಇನ್ನೊಂದು ವಿಷಯ, ಡೊಮೇನಲ್ಲಿ ಪದಗಳ ಮಧ್ಯೆ ಜಾಗ ಬಿಡೋಕಾಗಲ್ಲ. ದೊಡ್ಡಕ್ಷರ, ಸಣ್ಣಕ್ಷರ ಅನ್ನೋ ಭೇದವೂ ಇಲ್ಲ. ಎಲ್ಲ ಅಂಟಿಕೊಂಡೇ ಬರುತ್ತೆ. ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಅಂತ ಒಂದು ತಾಂತ್ರಿಕ ಸೈಟ್ ಇದೆ. ಆ ಎರಡು ಪದವನ್ನ ಅಂಟಿಸಿ, ಮೊದಲ ಪದದ ಕೊನೆಯ ಎಸ್ಸನ್ನ ಎರಡನೇ ಪದಕ್ಕೆ ಸೇರಿಸಿ ಓದಿ. ನಾನು ಬಾಯಿಬಿಟ್ಟು ಹೇಳಲ್ಲ. ಪಾಪ, ಕೊನೆಗೆ ಅವರು ಮಧ್ಯೆ ಒಂದು ಅಡ್ಡಗೆರೆ ಹಾಕಿಕೊಂಡರು. ಆದರೆ ನೀವು ಮೊದಲಿಂದಲೇ ಅಡ್ಡಗೆರೆ, ಅಂಕಿ ಎಲ್ಲ ಹಾಕ್ಬೇಡಿ. “ಮಧ್ಯೆ ಒಂದು ಡ್ಯಾಶ್ ಇದೆ ಸಾರ್, ನಾಲ್ಕು ಅಂದ್ರೆ ಅಂಕಿಯ ನಾಲ್ಕು” ಅಂತ ಪ್ರತಿ ಗಿರಾಕಿಗೂ ಹೇಳ್ತಾ ಕೂರಬೇಕಾಗುತ್ತೆ.

ಕನ್ನಡ ಅಕ್ಷರದಲ್ಲೇ ಇಡಬಹುದಲ್ಲ ಅಂತೀರಾ? ಇಡಬಹುದು. ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಡೊಮೇನ್ ಸಿಗುತ್ತೆ, ಹುಳಿ-ಹುಲಿ ಜಗಳವೂ ಇರಲ್ಲ. ನನಗೆ ಇದು ತುಂಬಾ ಇಷ್ಟ. ಆದರೆ ಒಂದು ತೊಡಕಿದೆ. ಒಳಗಡೆ ಕಂಪ್ಯೂಟರ್ ಅದನ್ನ ಇಂಗ್ಲಿಷ್ ಅಕ್ಷರದ ಒಂದು ಸಂಕೇತಕ್ಕೆ ಬದಲಾಯಿಸಿಕೊಳ್ಳುತ್ತೆ. ಕೆಲವು ಕಡೆ ಲಿಂಕ್ ಶೇರ್ ಮಾಡಿದಾಗ ಎಕ್ಸ್ ಎನ್ ಅಂತ ಶುರುವಾಗೋ ಆ ಗೋಜಲೇ ಕಾಣಿಸಿ, ನೋಡಿದವರು ಮೋಸದ ಲಿಂಕ್ ಅಂದುಕೊಳ್ತಾರೆ. ಆ ವಿಳಾಸದ ಇಮೇಲನ್ನ ಎಷ್ಟೋ ಆನ್‌ಲೈನ್ ಫಾರಂಗಳು ಒಪ್ಪೋದೂ ಇಲ್ಲ. ಹಾಗಾಗಿ ಸದ್ಯಕ್ಕೆ ಜೊತೆಗಿರಲಿ, ಅದೊಂದನ್ನೇ ನಂಬಿ ಕೂರೋದು ಬೇಡ.

ಡಾಟ್ ಕಾಮಾ, ಡಾಟ್ ಇನ್ನಾ? ಎರಡೂ ಪರವಾಗಿಲ್ಲ, ಸಿಕ್ಕರೆ ಎರಡೂ ತಗೊಳ್ಳಿ. ಡಾಟ್ ಕೋ ಅಂತ ಬರೀ ಅರ್ಧ ಹೇಳಿದ ಹಾಗಿರೋದನ್ನ ತಗೊಂಡ್ರೆ ಜನ ತಾವೇ ಒಂದು ಎಮ್ ಸೇರಿಸಿ ಬೇರೆಯವರ ಅಂಗಡಿಗೆ ಹೋಗ್ತಾರೆ. ಅಂದ ಹಾಗೆ ಡಾಟ್ ಕೋ ಕೊಲಂಬಿಯಾ ದೇಶದ್ದು. ಈಗ ಎಲ್ಲರೂ ಮುಗಿಬೀಳೋ ಡಾಟ್ ಎಐ ಇದೆಯಲ್ಲ, ಅದು ಕೆರಿಬಿಯನ್‌ನ ಆಂಗ್ವಿಲಾ ಅನ್ನೋ ಪುಟ್ಟ ದ್ವೀಪದ್ದು!

ಈಗ ನನ್ನ ಹೊಟ್ಟೆಯುರಿ ವಿಷಯ. ಕಾಲೇಜು ಮುಗಿಸಿದ ಹೊಸತರಲ್ಲಿ ನಂದೊಂದು ಚಾರಣದ ಸೈಟ್ ಇತ್ತು. ಒಬ್ಬ ಗೆಳೆಯ ಮಾಡಿಕೊಟ್ಟಿದ್ದ. ಡೊಮೇನನ್ನೂ ಅವನೇ, ಅವನ ಅಕೌಂಟಲ್ಲಿ, ಅವನ ಆಫೀಸ್ ಇಮೇಲ್ ಕೊಟ್ಟು ತಗೊಂಡಿದ್ದ. ಅವನು ಕೆಲಸ ಬಿಟ್ಟ, ಆ ಇಮೇಲ್ ಸತ್ತಿತು. ರಿನ್ಯೂ ಮಾಡಿ ಅನ್ನೋ ಎಚ್ಚರಿಕೆಗಳೆಲ್ಲ ಅಲ್ಲಿಗೇ ಹೋಗಿ ಬಿದ್ದವು. ಒಂದು ದಿನ ನೋಡ್ತೀನಿ, ಕುದುರೆಮುಖದ ಫೋಟೋ ಇದ್ದ ಜಾಗದಲ್ಲಿ ಬೆಟ್ಟಿಂಗ್ ಜಾಹೀರಾತು. ಹೆಸರು ಯಾರದೋ ಕೈಗೆ ಹೋಗಿತ್ತು. ಇನ್ನೂ ಭಯದ ಸಂಗತಿ ಅಂದ್ರೆ, ಆ ಹೆಸರಿನ ಇಮೇಲ್‌ಗೆ ಯಾರು ಏನು ಕಳಿಸಿದ್ರೂ ಈಗ ಹೊಸಬರಿಗೆ ಸಿಗುತ್ತೆ. ನನ್ನ ಬೇರೆ ಅಕೌಂಟ್‌ಗಳ ಪಾಸ್‌ವರ್ಡ್ ರೀಸೆಟ್ ಲಿಂಕ್ ಕೂಡ! ಎರಡು ದಿನ ಕೂತು ಒಂದೊಂದೇ ಅಕೌಂಟಿನ ಇಮೇಲ್ ಬದಲಾಯಿಸಿದೆ.

ಡೊಮೇನನ್ನ ನಾವು ಕೊಂಡ್ಕೋತೀವಿ ಅಂತೀವಿ, ನಿಜಕ್ಕೂ ಅದು ಬಾಡಿಗೆ. ಡಾಟ್ ಕಾಮನ್ನ ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ತಗೋಬಹುದು. ಅವಧಿ ಮುಗಿದರೂ ತಕ್ಷಣ ಹೋಗಿಬಿಡಲ್ಲ, ರಿಜಿಸ್ಟ್ರಾರ್ ಸಾಮಾನ್ಯವಾಗಿ ಒಂದಷ್ಟು ದಿನ ಕಾಯ್ತಾರೆ. ಅವರು ಅಳಿಸಿದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳೋಕೆ ಅವಕಾಶ ಇರುತ್ತೆ. ದಂಡ ಮಾತ್ರ ಜೇಬು ಸುಡುತ್ತೆ. ಮರೆಯೋದು ನಮ್ಮಂಥವರು ಮಾತ್ರ ಅಂದ್ಕೋಬೇಡಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ 35 ಡಾಲರ್ ಕಟ್ಟೋದನ್ನ ಮರೆತಿತ್ತು. ಹಾಟ್‌ಮೇಲ್‌ಗೆ ಲಾಗಿನ್ ಆಗೋಕೆ ಜನ ಪರದಾಡಿದರು. ಕೊನೆಗೆ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕ್ರೆಡಿಟ್ ಕಾರ್ಡಿಂದ ಆ ದುಡ್ಡು ಕಟ್ಟಿದ.

ಅದಕ್ಕೇ ತಂಗಿಗೆ ಹೇಳಿದೆ: ಸೈಟ್ ಯಾರು ಬೇಕಾದ್ರೂ ಮಾಡಿಕೊಡಲಿ, ಡೊಮೇನ್ ಅಕೌಂಟ್ ಮಾತ್ರ ನಿನ್ನ ಹೆಸರಲ್ಲಿ, ನಿನ್ನ ಫೋನ್ ನಂಬರಲ್ಲಿ ಇರಬೇಕು. ಇಮೇಲ್ ನೀನು ದಿನಾ ನೋಡೋದೇ ಕೊಡು, ಅದೇ ಡೊಮೇನಿನ ಇಮೇಲ್ ಬೇಡ. ಆಟೋ ರಿನ್ಯೂವಲ್ ಆನ್ ಮಾಡು, ಕಾರ್ಡ್ ಬದಲಾದಾಗ ಅಲ್ಲೂ ಬದಲಾಯಿಸು. ಮೊದಲ ವರ್ಷದ ಆಫರ್ ಬೆಲೆ ನೋಡಿ ಮರುಳಾಗ್ಬೇಡ, ಎರಡನೇ ವರ್ಷದ ಬೆಲೆ ಎಷ್ಟು ಅಂತ ಮೊದಲೇ ಓದ್ಕೋ.

ಊಟದ ಡಬ್ಬಿ, ಹುಳಿಪುಡಿ ಎರಡನ್ನೂ ಬಿಟ್ಟಳು. ಆಮೇಲೆ ಆರು ಹೆಸರು ಬರೆದುಕೊಂಡು, ಒಂದೊಂದನ್ನೂ ಒಂದೇ ಸಲ ಫೋನಲ್ಲಿ ಹೇಳಿ, ಕೇಳಿಸಿಕೊಂಡಿದ್ದನ್ನ ಇಂಗ್ಲಿಷಲ್ಲಿ ಟೈಪ್ ಮಾಡಿ ಕಳಿಸಿ ಅಂತ ಮನೆಯವರಿಗೆಲ್ಲ ಹೇಳಿದ್ಲು. ನಾನು ನಾಲ್ಕು ತಪ್ಪು ಮಾಡಿದೆ. ಚಿಕ್ಕಪ್ಪ ವಾಯ್ಸ್ ಮೆಸೇಜ್ ಕಳಿಸಿದ್ರು, ಅವರನ್ನ ಬಿಡಿ. ಒಂದು ಹೆಸರನ್ನ ಮಾತ್ರ ಐದು ಜನರೂ ಒಂದೇ ಥರ ಬರೆದಿದ್ರು, ಕನ್ನಡಕ ಹುಡುಕ್ತಾ ಟೈಪ್ ಮಾಡಿದ ಚಿಕ್ಕಮ್ಮನೂ ಸೇರಿ. ಯಾವ ಹೆಸರು ಅಂತ ನಿಮಗೆ ಈಗ ಹೇಳಲ್ಲ. ಅವಳು ಇನ್ನೂ ದುಡ್ಡು ಕಟ್ಟಿಲ್ಲ.