ಚಳಿಗೆ ಕೈಬೆರಳು ಬಿಳಿಚಿಕೊಳ್ಳುವ ತೊಂದರೆ: ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಚಳಿಗಾಳಿ ತಗುಲಿದಾಗ ಅಥವಾ ತಣ್ಣೀರು ಮುಟ್ಟಿದಾಗ ಕೆಲವರ ಕೈಬೆರಳುಗಳು ತುದಿಯಿಂದ ಬಿಳಿಚಿಕೊಂಡು ಜೋಮು ಹಿಡಿಯುತ್ತವೆ. ಸ್ವಲ್ಪ ಹೊತ್ತಿನಲ್ಲಿ ನೀಲಿಗಟ್ಟಿ, ಬೆಚ್ಚಗಾದ ಮೇಲೆ ಕೆಂಪೇರಿ ಉರಿಯುತ್ತವೆ. ಬೆರಳಿನ ಸಣ್ಣ ರಕ್ತನಾಳಗಳು ಅಗತ್ಯಕ್ಕಿಂತ ಹೆಚ್ಚಾಗಿ ಸಂಕುಚಿತಗೊಳ್ಳುವುದೇ ಇದಕ್ಕೆ ಕಾರಣವಾಗಿರುತ್ತದೆ. 1862ರಲ್ಲಿ ಫ್ರಾನ್ಸಿನ ವೈದ್ಯ ಮಾರಿಸ್ ರೇನೋ ಇದನ್ನು ಮೊದಲಿಗೆ ವಿವರಿಸಿದ್ದರಿಂದ ವೈದ್ಯಕೀಯದಲ್ಲಿ ಇದು ರೇನೋ ತೊಂದರೆ ಎಂದು ಹೆಸರಾಗಿದೆ. ಕಪ್ಪು ಮೈಬಣ್ಣದವರಲ್ಲಿ ಬಿಳುಪು ಎದ್ದು ಕಾಣುವುದಿಲ್ಲ. ಆದುದರಿಂದ ಉಗುರಿನ ಬುಡ ಹಾಗೂ ಅಂಗೈ ಕಡೆಯ ಬೆರಳುತುದಿಗಳನ್ನು ಗಮನಿಸಬೇಕಾಗುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲ ಜಿಲ್ಲೆಯಲ್ಲಿ ಚಳಿಯ ಕಾಯಿಲೆಯ ಮಾತು ವಿಚಿತ್ರವೆನಿಸಬಹುದು. ಆದರೆ ಈ ತೊಂದರೆಗೆ ಹಿಮ ಬೀಳುವಷ್ಟು ಚಳಿ ಬೇಕಿಲ್ಲ. ಉಷ್ಣಾಂಶ ಒಮ್ಮೆಲೇ ಇಳಿದರೆ ಸಾಕು. ಡಿಸೆಂಬರ್, ಜನವರಿ ತಿಂಗಳ ನಸುಕಿನಲ್ಲಿ ಹತ್ತಿ ಬಿಡಿಸಲು ಹೋಗುವವರು, ತಣ್ಣೀರಿನಲ್ಲಿ ಪಾತ್ರೆ ತಿಕ್ಕುವ ಮಹಿಳೆಯರು, ಮಂಜುಗಡ್ಡೆಯಲ್ಲಿ ಮೀನು ತುಂಬುವವರು, ಮುಂಜಾನೆ ಮೋಟಾರ್ ಸೈಕಲ್ ಮೇಲೆ ದೂರ ಹೋಗುವವರು ಇದನ್ನು ಅನುಭವಿಸುವುದುಂಟು. ಊರೇ ಬಿಸಿಲಿನದಾದ್ದರಿಂದ ಬಹುತೇಕರು ಇದನ್ನು ನಿಶ್ಶಕ್ತಿಯೆಂದು ತಿಳಿದು ಸುಮ್ಮನಿರುತ್ತಾರೆ. ಕಾರಣವು ಚಳಿಯಲ್ಲಿರದೆ ಮಾಡುವ ಕೆಲಸದಲ್ಲಿ, ಸೇದುವ ಬೀಡಿಯಲ್ಲಿ, ಕೆಲವೊಮ್ಮೆ ಕುಡಿಯುವ ನೀರಿನಲ್ಲಿಯೂ ಇರಬಹುದೆಂಬುದು ಈ ಮಾಹಿತಿಯ ಮುಖ್ಯಾಂಶವಾಗಿದೆ.

ಎರಡು ಬಗೆ

ಮೊದಲನೆಯ ಬಗೆಯು ಸಾಮಾನ್ಯವಾಗಿ 15ರಿಂದ 30 ವರ್ಷದೊಳಗೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ತಾಯಿಗೋ ಅಕ್ಕತಂಗಿಯರಿಗೋ ಇರುವುದೂ ಉಂಟು. ಎರಡೂ ಕೈಗಳಲ್ಲಿ ಸಮನಾಗಿ ಬರುತ್ತದೆ, ಹುಣ್ಣಾಗುವುದಿಲ್ಲ. ಇದಕ್ಕೆ ಹೆದರಬೇಕಿಲ್ಲ. ಎರಡನೆಯ ಬಗೆಯು ಮತ್ತೊಂದು ಕಾರಣದಿಂದ ಉಂಟಾಗುವಂಥದ್ದು. ಇದು ಹೆಚ್ಚಾಗಿ 30 ವರ್ಷ ದಾಟಿದ ನಂತರ ಆರಂಭವಾಗುತ್ತದೆ, ಒಂದೇ ಕೈಯಲ್ಲಿ ಅಥವಾ ಒಂದೆರಡು ಬೆರಳುಗಳಲ್ಲಿ ಹೆಚ್ಚಿರುತ್ತದೆ, ಬೆರಳ ತುದಿಯಲ್ಲಿ ಬೇಗನೆ ಮಾಯದ ಹುಣ್ಣು ಬೀಳುತ್ತದೆ. ಈ ಲಕ್ಷಣಗಳಿದ್ದವರು ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಕಂಪಿಸುವ ಯಂತ್ರಗಳು

ಜಿಲ್ಲೆಯಿಂದ ಬೆಂಗಳೂರು, ಮುಂಬೈ, ಹೈದರಾಬಾದ್ ಮುಂತಾದ ನಗರಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಅನೇಕರು ಕಟ್ಟಡ ಕೆಲಸದಲ್ಲಿರುತ್ತಾರೆ. ಕಾಂಕ್ರೀಟ್ ಒಡೆಯುವ ಬ್ರೇಕರ್, ಡ್ರಿಲ್ಲಿಂಗ್ ಮಷೀನ್, ಕಲ್ಲು ಹಾಗೂ ಟೈಲ್ಸ್ ಕತ್ತರಿಸುವ ಮಷೀನ್‌ಗಳನ್ನು ಇವರು ದಿನವಿಡೀ ಹಿಡಿದಿರುತ್ತಾರೆ. ಊರಿನಲ್ಲಿ ಕಲ್ಲು ಕ್ವಾರಿಗಳ ಕೆಲಸವೂ ಇದೇ ಬಗೆಯದು. ಯಂತ್ರದ ಕಂಪನವು ವರ್ಷಗಟ್ಟಲೆ ಕೈಗೆ ಇಳಿದರೆ ಬೆರಳಿನ ರಕ್ತನಾಳ ಮತ್ತು ನರಗಳೆರಡೂ ಕೆಡುತ್ತವೆ.

ಇದು ಹೊಸ ಸಂಗತಿಯಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಾಳಿಯ ಒತ್ತಡದ ಸುತ್ತಿಗೆ ಬಳಸಿ ಸುಣ್ಣಕಲ್ಲು ಕೆತ್ತುತ್ತಿದ್ದ ಕಾರ್ಮಿಕರನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಪರೀಕ್ಷಿಸಿ 1918ರಲ್ಲಿ ವರದಿ ನೀಡಿದರು. ಚಾಣ ಹಿಡಿಯುವ ಎಡಗೈಯ ಬೆರಳುಗಳೇ ಹೆಚ್ಚಾಗಿ ಬಿಳಿಚಿ ಸತ್ತಂತಾಗುತ್ತಿದ್ದುದನ್ನು ಅವರು ಗುರುತಿಸಿದ್ದರು. ಚಳಿಯು ಅಲ್ಲಿ ನೆಪ ಮಾತ್ರವಾಗಿದ್ದು, ಕಾರಣ ಸುತ್ತಿಗೆಯೇ ಆಗಿತ್ತು.

ಎಷ್ಟು ಹೊತ್ತು ಯಂತ್ರ ಹಿಡಿದರೆ ಅಪಾಯವೆಂಬುದಕ್ಕೆ ಐರೋಪ್ಯ ಒಕ್ಕೂಟವು 2002ರಲ್ಲಿ ಮಿತಿಯನ್ನು ನಿಗದಿಪಡಿಸಿದೆ. ಎಂಟು ಗಂಟೆಯ ಸರಾಸರಿಯಲ್ಲಿ ಕಂಪನವು ಸೆಕೆಂಡಿನ ವರ್ಗಕ್ಕೆ 2.5 ಮೀಟರ್ ತಲುಪಿದಾಗ ಎಚ್ಚರಿಕೆಯ ಕ್ರಮ ಕೈಗೊಳ್ಳಬೇಕು, 5 ಮೀಟರ್ ದಾಟಬಾರದು. ಬ್ರೇಕರ್ ಒಂದರ ಕಂಪನ 10 ಮೀಟರ್ ಇದ್ದಲ್ಲಿ ಅರ್ಧ ಗಂಟೆಗೆ ಎಚ್ಚರಿಕೆಯ ಮಟ್ಟವನ್ನೂ, ಎರಡು ಗಂಟೆಗೆ ಗರಿಷ್ಠ ಮಿತಿಯನ್ನೂ ಮುಟ್ಟಿದಂತಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ಯಂತ್ರ ಹಿಡಿಯುವುದು ಸರಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಿಲ್ಲ. ಇಬ್ಬರು ಮೂವರು ಸರದಿಯ ಮೇಲೆ ಕೆಲಸ ಮಾಡುವುದು, ಮೊಂಡಾದ ಮೊನೆಯನ್ನು ಬದಲಿಸುವುದು, ಯಂತ್ರವನ್ನು ಅನಗತ್ಯವಾಗಿ ಬಿಗಿಯಾಗಿ ಹಿಡಿಯದಿರುವುದು ಉಪಯುಕ್ತವಾಗಿದೆ. ಸಾಮಾನ್ಯ ಕೈಗವಸು ಕೈಯನ್ನು ಬೆಚ್ಚಗಿಡುತ್ತದೆಯೇ ಹೊರತು ಕಂಪನವನ್ನು ತಡೆಯುವುದಿಲ್ಲ.

ಆರಂಭದ ಹಂತದಲ್ಲಿಯೇ ಯಂತ್ರವನ್ನು ಬಿಟ್ಟಲ್ಲಿ ಬೆರಳು ಬಿಳಿಚುವುದು ಕಡಿಮೆಯಾಗಬಹುದು. ನರಗಳು ಕೆಟ್ಟು ಗುಂಡಿ ಹಾಕಿಕೊಳ್ಳಲಾಗದ, ನಾಣ್ಯ ಎತ್ತಲಾಗದ ಸ್ಥಿತಿ ಬಂದ ಮೇಲೆ ಅದು ಹಿಂದಿರುಗುವುದು ಕಷ್ಟ. ಕಲ್ಲಿನ ಧೂಳಿನಿಂದ ಮತ್ತೊಂದು ಅಪಾಯವಿದೆ. ಸಿಲಿಕಾ ಧೂಳನ್ನು ಬಹುಕಾಲ ಉಸಿರಾಡಿದವರಲ್ಲಿ ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ ಕಾಯಿಲೆ ಹೆಚ್ಚಾಗಿ ಕಂಡುಬರುತ್ತದೆ. ಆ ಕಾಯಿಲೆಯ ಮೊದಲ ಲಕ್ಷಣವು ಹೆಚ್ಚಿನ ಸಂದರ್ಭಗಳಲ್ಲಿ ಚಳಿಗೆ ಬೆರಳು ಬಿಳಿಚುವುದೇ ಆಗಿರುತ್ತದೆ.

ಕುಡಿಯುವ ನೀರಿನಲ್ಲಿ ಆರ್ಸೆನಿಕ್

ಸುರಪುರ ತಾಲ್ಲೂಕಿನ ಮಂಗಳೂರು ಗ್ರಾಮದ ಸುತ್ತಲಿನ ಶಿಲಾವಲಯದಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಆ ಭಾಗದ ಕಿರದಳ್ಳಿ ತಾಂಡಾವನ್ನು ಕುರಿತು 2013ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನದಲ್ಲಿ 59 ಕೊಳವೆಬಾವಿ ನೀರಿನ ಮಾದರಿಗಳ ಪೈಕಿ ಶೇಕಡ 79ರಲ್ಲಿ ಆರ್ಸೆನಿಕ್ ಅಂಶವು ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಗರಿಷ್ಠ ಪ್ರಮಾಣ 303 ಮೈಕ್ರೋಗ್ರಾಂ ಇತ್ತು. ತಪಾಸಣೆಗೊಳಗಾದ 181 ಜನರಲ್ಲಿ ಶೇಕಡ 58.6ರಷ್ಟು ಮಂದಿಯ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು.

ಆ ಅಧ್ಯಯನವು ಮುಖ್ಯವಾಗಿ ಚರ್ಮಕ್ಕೆ ಸಂಬಂಧಿಸಿದ್ದು. ಆದರೆ ಆರ್ಸೆನಿಕ್ ರಕ್ತನಾಳಗಳನ್ನೂ ಬಾಧಿಸುತ್ತದೆ. ಚಿಲಿ ದೇಶದ ಆಂಟೊಫಗಾಸ್ಟಾ ನಗರದಲ್ಲಿ 1958ರಿಂದ 1970ರವರೆಗೆ ಇಂತಹ ನೀರು ಪೂರೈಕೆಯಾಗಿ ಮಕ್ಕಳಲ್ಲಿಯೂ ರೇನೋ ತೊಂದರೆ ಕಂಡುಬಂದಿತ್ತು. ಸ್ವೀಡನ್ನಿನ ತಾಮ್ರ ಕರಗಿಸುವ ಕಾರ್ಖಾನೆಯಲ್ಲಿ ಆರ್ಸೆನಿಕ್ ಧೂಳಿಗೆ ಒಡ್ಡಿಕೊಂಡ ಕಾರ್ಮಿಕರ ಬೆರಳುಗಳು ಚಳಿಗೆ ಬೇಗನೆ ಬಿಳಿಚುತ್ತಿದ್ದುದು 1980ರ ದಶಕದಲ್ಲಿ ದಾಖಲಾಗಿದೆ. ಆದಕಾರಣ ಅಂಗೈ, ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು, ಮೈಮೇಲೆ ಮಳೆಹನಿ ಬಿದ್ದಂತಹ ಕಪ್ಪು ಅಥವಾ ಬಿಳಿ ಚುಕ್ಕೆಗಳು ಇದ್ದು, ಜೊತೆಗೆ ಬೆರಳುಗಳೂ ಚಳಿಗೆ ಮರಗಟ್ಟುತ್ತಿದ್ದರೆ ನೀರಿನ ಮೂಲವನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.

ಆರ್ಸೆನಿಕ್‌ಗೆ ಬಣ್ಣ, ವಾಸನೆ, ರುಚಿ ಇರುವುದಿಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಪರೀಕ್ಷೆಯೊಂದೇ ದಾರಿ. ಕುಡಿಯಲು ಕೊಳವೆಬಾವಿಯನ್ನು ಬಳಸುವವರು ಗ್ರಾಮ ಪಂಚಾಯಿತಿಗೆ ಅರ್ಜಿ ನೀಡಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವಂತೆ ಕೋರಬಹುದಾಗಿದೆ. ಅರ್ಜಿಯಲ್ಲಿ ಆರ್ಸೆನಿಕ್ ಪರೀಕ್ಷೆ ಎಂದು ಸ್ಪಷ್ಟವಾಗಿ ಬರೆಯತಕ್ಕದ್ದು. ಇಲ್ಲವಾದಲ್ಲಿ ಗಡಸುತನ, ಫ್ಲೋರೈಡ್ ಮುಂತಾದವುಗಳನ್ನಷ್ಟೇ ನೋಡುವ ಸಂಭವವಿರುತ್ತದೆ.

ತಂಬಾಕು, ಔಷಧ ಮತ್ತು ಇತರ ಕಾಯಿಲೆಗಳು

ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಬೀಡಿ ಸೇದುವ ಯುವಕರಲ್ಲಿ ಕಾಣುವ ಬರ್ಜರ್ ಕಾಯಿಲೆಯಲ್ಲಿ ಕೈಕಾಲಿನ ರಕ್ತನಾಳಗಳು ಮುಚ್ಚಿಹೋಗಿ ಬೆರಳುಗಳು ಕೊಳೆಯುತ್ತವೆ. ಬೀಡಿಯನ್ನು ಪೂರ್ಣವಾಗಿ ಬಿಡದ ಹೊರತು ಯಾವ ಔಷಧಿಯೂ ಇದನ್ನು ನಿಲ್ಲಿಸಲಾರದು. ದಿನಕ್ಕೆ ಒಂದೆರಡು ಎಂದು ಕಡಿಮೆ ಮಾಡಿದರೆ ಸಾಲದು. ಜಗಿಯುವ ತಂಬಾಕು, ಗುಟ್ಕಾಗಳಿಂದಲೂ ನಿಕೋಟಿನ್ ದೇಹ ಸೇರುತ್ತದೆ. ತಂಬಾಕು ಬಿಡಲು ಸಲಹೆಯನ್ನು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ರಲ್ಲಿ ಪಡೆಯಬಹುದಾಗಿದೆ.

ರಕ್ತದೊತ್ತಡಕ್ಕೆ ನೀಡುವ ಅಟೆನೊಲಾಲ್, ಪ್ರೊಪ್ರನೊಲಾಲ್, ಅರೆತಲೆನೋವಿನ ಅರ್ಗೊಟಮಿನ್ ಮಾತ್ರೆಗಳಿಂದಲೂ ಈ ತೊಂದರೆ ಹೆಚ್ಚಬಹುದು. ಆದರೆ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕಾರಿ. ಥೈರಾಯ್ಡ್ ಕೊರತೆ, ಲೂಪಸ್ ಮುಂತಾದ ಸಂಧಿವಾತ ವರ್ಗದ ಕಾಯಿಲೆಗಳನ್ನು ವೈದ್ಯರು ಪರೀಕ್ಷೆಗಳ ಮೂಲಕ ತಿಳಿಯುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತಂಪನ್ನು ಕೈ ತಡೆಯದಿರುವುದು ಬೇರೆ, ತಂಪು ಬಿಸಿಗಳ ಭೇದವೇ ಕೈಗೆ ತಿಳಿಯದಿರುವುದು ಬೇರೆ. ತಿಳಿಬಣ್ಣದ ಮಚ್ಚೆಯ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠರೋಗದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಇದಕ್ಕೆ ಬಹುಔಷಧ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ತಪಾಸಣೆ ಮತ್ತು ಸೌಲಭ್ಯಗಳು

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ಅಗತ್ಯವಿದ್ದಲ್ಲಿ ಶಹಾಪುರ ಅಥವಾ ಸುರಪುರದ ತಾಲ್ಲೂಕು ಆಸ್ಪತ್ರೆಯನ್ನು, ಯಾದಗಿರಿಯ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ. ವೈದ್ಯರನ್ನು ಕಾಣುವ ವೇಳೆಗೆ ಬೆರಳು ಮೊದಲಿನಂತಾಗಿರುವುದೇ ಹೆಚ್ಚು. ಆದುದರಿಂದ ಬಿಳಿಚಿದಾಗಲೇ ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಯಾವ ಯಂತ್ರದಲ್ಲಿ ಎಷ್ಟು ವರ್ಷ ಕೆಲಸ ಮಾಡಲಾಗಿದೆ, ದಿನಕ್ಕೆ ಎಷ್ಟು ಗಂಟೆ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳತಕ್ಕದ್ದು. ಮುಂದೆ ಯಾವುದೇ ನೆರವಿಗೆ ಅರ್ಜಿ ಸಲ್ಲಿಸುವಾಗ ಆ ಒಂದು ಸಾಲು ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ.

ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಪಡೆಯಬಹುದಾಗಿದೆ. ಮಂಡಳಿಯಲ್ಲಿ ವೈದ್ಯಕೀಯ ಸಹಾಯಧನದ ಯೋಜನೆಗಳಿವೆ. ಬೆಂಗಳೂರಿನಲ್ಲಿ ದುಡಿಯುವವರು ಕೆಲಸದ ದೃಢೀಕರಣ ಪತ್ರವನ್ನು ಊರಿಗೆ ಮರಳುವ ಮೊದಲೇ ಪಡೆದುಕೊಳ್ಳುವುದು ಸೂಕ್ತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಒಳರೋಗಿಯಾಗಿ ದಾಖಲಾಗುವ ಸಂದರ್ಭದಲ್ಲಿ ಬೇಕಾಗುತ್ತದೆ.

ಬೆರಳು ಬಿಳಿಚಿದಾಗ ಒಲೆಯ ಬೆಂಕಿಗೆ ಕೈ ಹಿಡಿಯಬಾರದು. ಮರಗಟ್ಟಿದ ಬೆರಳಿಗೆ ಸುಟ್ಟದ್ದು ತಿಳಿಯುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದುವುದು ಅಥವಾ ಕಂಕುಳಲ್ಲಿ ಇಟ್ಟುಕೊಳ್ಳುವುದು ಸಾಕು. ಬೆರಳು ಕಪ್ಪಾಗತೊಡಗಿದರೆ ಅಥವಾ ತೀವ್ರ ನೋವಿನೊಂದಿಗೆ ತಣ್ಣಗೇ ಉಳಿದರೆ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು.