ಗೋಧಿಯ ಮೇಲಣ ಗುಮಾನಿ

ಉಣ್ಣುವ ಅನ್ನವೇ ಹಗೆಯಾಗುವುದುಂಟೆ? ಸೀಲಿಯಾಕ್ ವ್ಯಾಧಿಯುಳ್ಳವರಿಗೆ ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಹಗೆಯೇ ಸರಿ. ಅದನ್ನುಂಡರೆ ದೇಹದ ರಕ್ಷಣಾಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಸವೆಯಿಸುತ್ತದೆ. ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ, ದೊಡ್ಡವರಲ್ಲಿ ರಕ್ತಹೀನತೆ ತಲೆದೋರುತ್ತದೆ. ಗೋಧಿಯ ಈ ಪಾತ್ರವನ್ನು 1950ರ ಪ್ರೌಢಪ್ರಬಂಧದಲ್ಲಿ ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ.

ರೋಗದ ಮೂಲ ತಿಳಿದರೂ ರೋಗಿಯನ್ನು ಗುರುತಿಸುವುದು ಸುಲಭವಲ್ಲ. ರಕ್ತದಲ್ಲಿ ಅರಸುವುದು ಐಜಿಎ ವರ್ಗದ ಪ್ರತಿಕಾಯವನ್ನು. ಕೆಲವರಲ್ಲಿ ಐಜಿಎ ಹುಟ್ಟುವುದೇ ಕಡಮೆ. ರೋಗವಿದ್ದರೂ ಪರೀಕ್ಷೆ ಇಲ್ಲವೆನ್ನುತ್ತದೆ. ಆದುದರಿಂದ ಒಟ್ಟು ಐಜಿಎಯನ್ನೂ ಅಳೆಯಬೇಕು; ಅದು ತೀರ ಕಡಮೆಯಿದ್ದರೆ ಐಜಿಜಿ ಪ್ರತಿಕಾಯಗಳನ್ನು ನೋಡಬೇಕು. ಕರುಳಿನ ಚೂರಿನ ಪರೀಕ್ಷೆಯೂ ಒಮ್ಮೊಮ್ಮೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ನುಡಿಯುತ್ತದೆ. ಹಾನಿ ಅಲ್ಲಲ್ಲಿ ಮಾತ್ರ ಇರಬಹುದಾದ್ದರಿಂದ ಹಲವು ಚೂರುಗಳು ಬೇಕು. ಅಲ್ಪಸ್ವಲ್ಪ ಬದಲಾವಣೆಗೆ ಸೋಂಕು, ಔಷಧಗಳೂ ಕಾರಣವಾದಾವು. ಆಗ ವಂಶವಾಹಿಯನ್ನು ಕೇಳಬಹುದು: ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಈ ರೋಗವಿಲ್ಲವೆಂದು ಬಹುಮಟ್ಟಿಗೆ ನಂಬಬಹುದು, ಇದ್ದಮಾತ್ರಕ್ಕೆ ರೋಗವುಂಟೆನ್ನಲಾಗದು.

ವಾಚಕರು ಮುಖ್ಯವಾಗಿ ನೆನಪಿಡಬೇಕಾದುದು ಇನ್ನೊಂದಿದೆ. ಸಂಶಯ ಬಂದೊಡನೆ ಚಪಾತಿ ತೊರೆದು ಮುದ್ದೆಗೆ ಶರಣಾಗಬಾರದು. ಗೋಧಿ ಬಿಟ್ಟರೆ ಪ್ರತಿಕಾಯವಿಳಿದು, ಕರುಳು ಮಾಯ್ದು, ಸಾಕ್ಷ್ಯವೇ ಅಳಿಸಿಹೋಗುತ್ತದೆ. ನಿಜವರಿಯಲು ವೈದ್ಯರ ಕಣ್ಗಾವಲಿನಲ್ಲಿ ವಾರಗಟ್ಟಲೆ ಮತ್ತೆ ಗೋಧಿ ತಿನ್ನಬೇಕಾಗುತ್ತದೆ.

ರಾಗಿ, ಜೋಳ, ಅಕ್ಕಿಗಳ ನಮ್ಮ ನಾಡಿನಲ್ಲಿ ಈ ಪಥ್ಯ ಹಗುರವೆಂದು ತೋರೀತು. ಆದರೆ ಅಂಗಡಿಯ ಹಿಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದುಂಟು. ಬಾಳೆಲ್ಲ ನಡೆಯಬೇಕಾದ ಇಂಥ ವ್ರತವನ್ನು ಬರಿಯ ಗುಮಾನಿಯ ಮೇಲೆ ತೊಡಬಾರದು. ನಿರ್ಣಯ ಮೊದಲು, ಪಥ್ಯ ಆಮೇಲೆ.